ಕೊಂಬಿರುವವರ ಕಥೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಕ್ಯಾಂಪೇನ್ ಬರಹ, ಅಂದರೆ ಆಟದಲ್ಲಿ ಸಾಗುವ ಕಥೆ, ಓದಿದೆ. ಆಟಗಾರರು ಆಡಬಹುದಾದ ಹೊಸ ರೇಸ್ (ಜನಾಂಗ) ಒಂದನ್ನು ಕಟ್ಟಿ, ಅದಕ್ಕೆ ಕೆಂಡಕುಲ ಅಂತ ಹೆಸರಿಟ್ಟಿದ್ದೀಯ. ಹೆಸರು ಚೆನ್ನಾಗಿದೆ. ಅವರ ಹಿರಿಯರು ಪಾತಾಳದ ಒಡೆಯನೊಬ್ಬನ ಜೊತೆ ಕರಾರು ಮಾಡಿಕೊಂಡಿದ್ದರು, ಅದಕ್ಕೇ ಇವರಿಗೆ ಕೊಂಬು, ಬಾಲ. ಇಲ್ಲಿಯವರೆಗೆ ಸರಿ. ಆಮೇಲೆ ಒಂದು ಸಾಲು ಬರುತ್ತದೆ: "ಕೆಂಡಕುಲದವರು ಹುಟ್ಟಿನಿಂದಲೇ ಕೋಪಿಷ್ಠರು, ಯಾರನ್ನೂ ನಂಬುವುದಿಲ್ಲ." ಈ ಪತ್ರ ಆ ಒಂದು ಸಾಲಿನ ಬಗ್ಗೆ.

ಕಾದಂಬರಿಯಲ್ಲಾದರೆ ಅದು ಹೇಗೋ ನಡೆದುಹೋಗುತ್ತಿತ್ತು. ಅಲ್ಲಿ ಪಾತ್ರ ನಿನ್ನದು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಟೇಬಲ್‌ಟಾಪ್ ಆಟದಲ್ಲಿ ಪಾತ್ರ ಆಟಗಾರನದು. ಅವನು ಇನ್ನೂ ಡೈಸ್ ಕೈಗೆ ತಗೊಂಡಿಲ್ಲ, ಆಗಲೇ ಅವನ ಸ್ವಭಾವವನ್ನು ನೀನು ತೀರ್ಮಾನ ಮಾಡಿಬಿಟ್ಟಿದ್ದೀಯ. ಕರಾರಿಗೆ ಸಹಿ ಹಾಕಿದ್ದು ಯಾರು, ಅದರಿಂದ ಸಿಕ್ಕಿದ್ದೇನು, ಇವತ್ತಿಗೂ ಅದನ್ನು ತೀರಿಸುತ್ತಿರುವವರು ಯಾರು, ಇದನ್ನೆಲ್ಲ ಧಾರಾಳವಾಗಿ ಬರೆ. ಕೋಪ ಮಾಡಿಕೊಳ್ಳಬೇಕೋ ಬೇಡವೋ ಅನ್ನುವುದನ್ನು ಆಡುವವನಿಗೆ ಬಿಡು.

ನಿನ್ನ ಕೆಂಡಕುಲದ ಅಣ್ಣಂದಿರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ, ಪಾತಾಳದ ನಂಟಿರುವ ಕೊಂಬಿನ ಜನ, ಟೀಫ್ಲಿಂಗ್‌ಗಳು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ಅವರ ಕಥೆಯನ್ನೇ ಸ್ವಲ್ಪ ಕೆದಕೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) 1974ರಲ್ಲಿ ಬಂದಾಗ ಟೀಫ್ಲಿಂಗ್ ಇರಲಿಲ್ಲ. ಮನುಷ್ಯ, ಎಲ್ಫ್, ಡ್ವಾರ್ಫ್, ಹಾಬಿಟ್, ಇಷ್ಟೇ. ಟೀಫ್ಲಿಂಗ್ ಬಂದದ್ದು ಈ ಆಟದ 1994ರ ಕಥಾಲೋಕವಾದ ಪ್ಲೇನ್‌ಸ್ಕೇಪ್‌ನಲ್ಲಿ. ಆಗ ಅವರಿಗೆ ಒಂದೇ ರೂಪ ಅಂತ ಇರಲಿಲ್ಲ. ಒಬ್ಬನಿಗೆ ಪುಟ್ಟ ಕೊಂಬು, ಇನ್ನೊಬ್ಬಳಿಗೆ ಗೊರಸು. ಯಾವ ತಲೆಮಾರಿನಲ್ಲಿ ಏನು ಬೆರೆಯಿತೋ ಅವರಿಗೇ ಸರಿಯಾಗಿ ಗೊತ್ತಿಲ್ಲ. 2008ರ ನಾಲ್ಕನೇ ಆವೃತ್ತಿ ಅವರಿಗೆ ಒಂದು ಚರಿತ್ರೆ ಕೊಟ್ಟಿತು. ಬೇಲ್ ತುರಾತ್ ಅನ್ನುವ ಸಾಮ್ರಾಜ್ಯದ ಶ್ರೀಮಂತರು ಅಧಿಕಾರಕ್ಕಾಗಿ ಡೆವಿಲ್‌ಗಳ ಜೊತೆ ಒಪ್ಪಂದ ಮಾಡಿಕೊಂಡರು. ಆಮೇಲೆ ಡ್ರ್ಯಾಗನ್ ಮೈಯ ಜನರಾದ ಡ್ರ್ಯಾಗನ್‌ಬಾರ್ನ್‌ಗಳ ಅರ್ಕೋಸಿಯಾ ಜೊತೆ ಯುದ್ಧವಾಗಿ ಎರಡೂ ರಾಜ್ಯ ಹಾಳಾದವು. ಉಳಿದವರಿಗೆ ಊರಿಲ್ಲ, ಮುಖದ ಮೇಲೆ ಮಾತ್ರ ಅಜ್ಜಂದಿರ ಸಹಿ. ಬರೆಯುವವನಿಗೆ ಇದು ತುಂಬಾ ಒಳ್ಳೆಯ ಸರಕು. ಆದರೆ ಆ ಹೊತ್ತಿಗೆ ಎಲ್ಲರಿಗೂ ಒಂದೇ ಥರದ ದಪ್ಪ ಕೊಂಬು, ಒಂದೇ ಥರದ ಬಾಲ ಬಂದುಬಿಟ್ಟಿತು. ನನಗೆ 1994ರ ಗೊಂದಲವೇ ಜಾಸ್ತಿ ಇಷ್ಟ.

ಕರಾರಿನ ಕಥೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ಡಿ ಅಂಡ್ ಡಿಯಲ್ಲಿ ಬರುವ ಎಲ್ಟುರೆಲ್ ಪಟ್ಟಣದ ಪ್ರಸಂಗವನ್ನು ನಿಧಾನವಾಗಿ ಓದು. ಪಟ್ಟಣದ ಮೇಲೆ ಎರಡನೇ ಸೂರ್ಯನಂಥದ್ದೊಂದು ಬೆಳಗುತ್ತಿರುತ್ತದೆ. ಅದರ ಬೆಳಕಿಗೆ ರಕ್ತಪಿಶಾಚಿಗಳು ಹತ್ತಿರ ಸುಳಿಯುವುದಿಲ್ಲ. ಜನ ಅದನ್ನು ದೇವರ ಕೃಪೆ ಅಂದುಕೊಂಡಿರುತ್ತಾರೆ. ನಿಜವಾಗಿ ಅದು ಪಟ್ಟಣದ ಮುಖ್ಯಸ್ಥ ತೇವಿಯಸ್ ಕ್ರೀಗ್ ಗುಟ್ಟಾಗಿ ಮಾಡಿಕೊಂಡ ಕರಾರಿನ ಫಲ. ಕರಾರಿನ ಆ ಕಡೆ ಇದ್ದವಳು ಜ಼ೇರಿಯಲ್, ಒಂದು ಕಾಲದ ದೇವದೂತೆ, ಈಗ ಅವರ್ನಸ್ ಅನ್ನುವ ನರಕದ ಒಡತಿ. 50 ವರ್ಷದ ಗಡುವು ಮುಗಿಯುತ್ತಲೇ ಇಡೀ ಪಟ್ಟಣವನ್ನು ಅವರ್ನಸ್‌ಗೆ ಎಳೆದೊಯ್ಯಲಾಗುತ್ತದೆ. ಇದು 2019ರ ಸಾಹಸಕಥೆ. 2023ರ ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್ ಅಲ್ಲಿಂದ ಮುಂದುವರಿಯುತ್ತದೆ. ಪಟ್ಟಣ ವಾಪಸ್ ಬಂದಿದೆ. ಆದರೆ ಜನ ತಮ್ಮ ಜೊತೆಗೇ ಬದುಕಿದ್ದ ಟೀಫ್ಲಿಂಗ್‌ಗಳನ್ನು ಊರು ಬಿಡಿಸಿದ್ದಾರೆ. ಸಹಿ ಹಾಕಿದ್ದು ಮನುಷ್ಯ. ಗಂಟುಮೂಟೆ ಕಟ್ಟಿದವರು ಕೊಂಬಿರುವವರು. ಅವರಲ್ಲಿ ಧೈರ್ಯವಂತರಿದ್ದಾರೆ, ಪುಕ್ಕಲರಿದ್ದಾರೆ, ಜೇಬು ಕತ್ತರಿಸುವ ಮಕ್ಕಳೂ ಇದ್ದಾರೆ. ಅವರ ಸ್ವಭಾವ ಇಂಥದ್ದು ಅಂತ ಯಾರೂ ಮೊದಲೇ ಬರೆದಿಟ್ಟಿಲ್ಲ.

ಇನ್ನೊಂದು ವಿಷಯ. ನಿಯಮದ ಸಾಲೂ ಕಥೆಯೇ. ಮುನ್ನುಡಿಯಲ್ಲಿ "ಎಲ್ಲ ಥರದವರೂ ಇರುತ್ತಾರೆ" ಅಂತ ಬರೆದು, ಕೆಳಗೆ ಅಂಕಿಗಳಲ್ಲಿ ವಿವೇಕಕ್ಕೆ ಎರಡು ಕಡಿಮೆ ಮಾಡಿದರೆ, ಆಟಗಾರ ನಂಬುವುದು ಅಂಕಿಯನ್ನು. 2014ರ ನಿಯಮದಲ್ಲಿ ಟೀಫ್ಲಿಂಗ್‌ಗೆ ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಎರಡು ಅಂಕ, ಇಂಟೆಲಿಜೆನ್ಸ್ (ಬುದ್ಧಿ) ಒಂದು ಅಂಕ ಜಾಸ್ತಿ. 2020ರಲ್ಲಿ ಆ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳುವ ಅವಕಾಶ ಬಂತು. 2024ರ ಪುಸ್ತಕದಲ್ಲಿ ಅವು ಹುಟ್ಟನ್ನು ಬಿಟ್ಟು, ಪಾತ್ರ ಬೆಳೆದುಬಂದ ಹಿನ್ನೆಲೆಗೆ ಅಂಟಿಕೊಂಡವು. ಆದರೂ ದೇಹದ ಗುಣ ಹುಟ್ಟಿನ ಜೊತೆಗೇ ಉಳಿಯಿತು. ಡೆವಿಲ್‌ಗಳ ಕಡೆಯವನಿಗೆ ಬೆಂಕಿ ಅಷ್ಟಾಗಿ ತಾಗದು, ಡೀಮನ್‌ಗಳ ಕಡೆಯವನಿಗೆ ವಿಷ ಅಷ್ಟಾಗಿ ಏರದು (ಈ ಎರಡರ ವ್ಯತ್ಯಾಸ ಮುಂದೆ ಹೇಳುತ್ತೇನೆ). ಈ ಗೆರೆ ಒಳ್ಳೆಯದು. ಮೈಗೆ ಬಂದದ್ದನ್ನು ಬರೆ, ಮನಸ್ಸಿಗೆ ಬಂದದ್ದನ್ನು ಬರೆಯಬೇಡ.

ನಿನ್ನ ಪಾತಾಳದ ಒಡೆಯರ ಪಟ್ಟಿ ಉದ್ದವಾಗಿದೆ. ಅಷ್ಟು ಹೆಸರು ಬೇಕಾ? ಒಬ್ಬೊಬ್ಬನಿಗೆ ಏನು ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಡಿ ಅಂಡ್ ಡಿಯಲ್ಲಿ ಡೆವಿಲ್ ಮತ್ತು ಡೀಮನ್ ಒಂದೇ ಅಲ್ಲ. ಡೆವಿಲ್‌ಗಳಿಗೆ ಶಿಸ್ತು, ದರ್ಜೆ, ಕರಾರು, ಮೇಲಿನವನ ಕುರ್ಚಿಯ ಮೇಲೆ ಕಣ್ಣು. ಡೀಮನ್‌ಗಳಿಗೆ ಯಾವ ಕಟ್ಟುಪಾಡೂ ಇಲ್ಲ, ಒಡೆದು ಹಾಕಿದರೆ ಸಾಕು. ಇವರಿಬ್ಬರ ನಡುವೆ ಮುಗಿಯದ ರಕ್ತಯುದ್ಧ. ಮಧ್ಯೆ ಯುಗೊಲೋತ್ ಅನ್ನುವ ಮೂರನೇ ಥರದ ಪಿಶಾಚಿಗಳು ಇಬ್ಬರಿಗೂ ಬಾಡಿಗೆಗೆ ಕಾದಾಡುತ್ತವೆ. ಇಷ್ಟು ಗೊತ್ತಿದ್ದರೆ ಆಟ ನಡೆಸುವವನು (ಡಿಎಂ) ಎಷ್ಟು ಸೆಷನ್ ಬೇಕಾದರೂ ನಡೆಸಬಹುದು. ತಮಾಷೆ ಏನೆಂದರೆ, ಇದೆಲ್ಲ ಮೈತುಂಬಿಕೊಂಡಿದ್ದು ಒಂದು ಇಕ್ಕಟ್ಟಿನ ನಂತರ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಸೈತಾನನ ಪೂಜೆ ಅಂತ ಗುಲ್ಲೆದ್ದಿತ್ತು. 1989ರ ಎರಡನೇ ಆವೃತ್ತಿ ಡೆವಿಲ್, ಡೀಮನ್ ಎರಡನ್ನೂ ಕೈಬಿಟ್ಟಿತು. 1991ರಲ್ಲಿ ಅವು ಬಾಟೆಜ಼ು, ತನಾರಿ ಅಂತ ಹೊಸ ಹೆಸರಿನಲ್ಲಿ ವಾಪಸ್ ಬಂದವು. ಬೈಬಲ್ಲಿನ ಹೆಸರಿನ ಭಯವನ್ನು ನೆಚ್ಚಿಕೊಳ್ಳುವ ಹಾಗಿಲ್ಲದಾಗ, ಬರೆಯುವವರು ಅವಕ್ಕೊಂದು ಸಮಾಜವನ್ನೇ ಕಟ್ಟಬೇಕಾಯಿತು.

ಕೊನೆಯ ಅಧ್ಯಾಯದಲ್ಲಿ ರಾಕ್ಷಸರನ್ನು ತಂದಿದ್ದೀಯ. ಅವರು ಈ ಆಟಕ್ಕೆ ಹೊಸಬರಲ್ಲ, 1975ರಿಂದಲೇ ಇದ್ದಾರೆ. ಆದರೆ ಅಲ್ಲಿನ ರಾಕ್ಷಸ ಅಂದರೆ ಹುಲಿಯ ತಲೆ, ಹಿಂದುಮುಂದಾದ ಅಂಗೈ, ಮಂತ್ರಿಸಿದ ಬಾಣ ತಗುಲಿದರೆ ಸಾವು. ಅದಕ್ಕೆ ಸ್ಫೂರ್ತಿ ಅಮೆರಿಕದ ಒಂದು ಟಿವಿ ಸರಣಿ. ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ನಗು ಬರುತ್ತದೆ, ಅಲ್ವಾ? ನೀನು ಆ ಹುಲಿತಲೆ ತೆಗೆದದ್ದು ಸಂತೋಷ. ಆದರೆ ರಾಕ್ಷಸನನ್ನು ನರಕದಲ್ಲಿ ಕೂರಿಸಿ ಆತ್ಮ ಖರೀದಿಗೆ ಹಚ್ಚಿದ್ದೀಯಲ್ಲ, ಅದು ಕೂಡುವುದಿಲ್ಲ. ನಮ್ಮ ಕಥೆಗಳ ನರಕದಲ್ಲಿ ಯಾರೂ ಏನನ್ನೂ ಕೊಂಡುಕೊಳ್ಳುವುದಿಲ್ಲ. ಯಮ ತೀರ್ಪು ಕೊಡುವವನು, ಚಿತ್ರಗುಪ್ತ ಲೆಕ್ಕ ಬರೆಯುವವನು, ಶಿಕ್ಷೆ ಮುಗಿದರೆ ಮತ್ತೆ ಹುಟ್ಟು. ಕರಾರಿನ ರುಚಿ ಬೇಕಾದರೆ ವರ ಇದೆ. ತಪಸ್ಸು ಮಾಡಿ, ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ ಅಂತ ಷರತ್ತು ಪೋಣಿಸಿ ಪಡೆದ ವರ. ಹಿರಣ್ಯಕಶಿಪು ಎಷ್ಟು ಹುಷಾರಾಗಿ ಕೇಳಿದರೂ ಹೊಸ್ತಿಲನ್ನು ಮರೆತ. ಅಲ್ಲಿ ಕೊಡುವವನು ದೇವರು, ಸಂದು ಹುಡುಕುವವನೂ ದೇವರು. ಇದನ್ನು ಹಿಡಿದರೆ ನಿನ್ನ ಅಧ್ಯಾಯ ಬೇರೆಯೇ ಆಗುತ್ತದೆ.

ಅರ್ಧ ರಾಕ್ಷಸನೇ ಬೇಕಾದರೆ ಘಟೋತ್ಕಚನನ್ನು ನೋಡು. ಭೀಮ ಮತ್ತು ಹಿಡಿಂಬೆಯ ಮಗ. ಅಪ್ಪ ನೆನೆದರೆ ಸಾಕು, ಬರುತ್ತಾನೆ. ಪಾಂಡವರಿಗಾಗಿ ಹೋರಾಡಿ, ಅರ್ಜುನನಿಗೆಂದು ಕರ್ಣ ಇಟ್ಟುಕೊಂಡಿದ್ದ ಶಕ್ತಿ ಆಯುಧಕ್ಕೆ ಎದೆಯೊಡ್ಡಿ ಸಾಯುತ್ತಾನೆ. ಎಲ್ಲರೂ ಅಳುತ್ತಿದ್ದರೆ ಕೃಷ್ಣನಿಗೆ ಖುಷಿ. ವ್ಯಾಸಭಾರತದ ದ್ರೋಣಪರ್ವದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು, ಇವನು ಯಜ್ಞದ್ವೇಷಿ ಅನ್ನುತ್ತಾನೆ. ಆ ಹುಡುಗ ಏನು ಮಾಡಿದ್ದ? ಕರೆದಾಗ ಬಂದಿದ್ದ, ಅಷ್ಟೇ. ನಿನ್ನ ಆಟದಲ್ಲಿ ಯಾರಾದರೂ ಅಂಥ ಪಾತ್ರ ಆಡಿದರೆ, ಶತ್ರುವಿಗಿಂತ ಸ್ವಪಕ್ಷದವರೇ ಅವನಿಗೆ ಹೆಚ್ಚು ಕಷ್ಟ ಕೊಡಬೇಕು.

ಪ್ರಕಟಿಸುವ ಬಗ್ಗೆ ಕೇಳಿದ್ದೆ. ಡಿ ಅಂಡ್ ಡಿ ಐದನೇ ಆವೃತ್ತಿಯ ಮೂಲ ನಿಯಮಗಳ ಒಂದು ಭಾಗ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿದೆ. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಟೀಫ್ಲಿಂಗ್ ಅದರಲ್ಲಿದೆ. ಬೇಲ್ ತುರಾತ್ ಇಲ್ಲ, ಎಲ್ಟುರೆಲ್ ಇಲ್ಲ. ಅಂಥ ಊರು, ಹೆಸರು ಮುಟ್ಟಬೇಡ. ನಿನಗೆ ಅವುಗಳ ಅಗತ್ಯವೂ ಇಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಕೆಂಡಕುಲದ ಪುಟಗಳನ್ನು ಒಂದೇ ಪುಟಕ್ಕೆ ಇಳಿಸು. ಪಕ್ಕದೂರಿನವರು ಅವರ ಬಗ್ಗೆ ನಂಬಿರುವ ಸುಳ್ಳು ಒಂದಾದರೂ ಇರಲಿ, ಅವರೇ ತಮ್ಮ ಬಗ್ಗೆ ಹೇಳಿಕೊಳ್ಳುವ ಸುಳ್ಳೂ ಇರಲಿ. ಆಮೇಲೆ ಆ ಪುಟವನ್ನು ಈ ಆಟ ಗೊತ್ತಿರುವ ಗೆಳೆಯನಿಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತಿರು. ಅವನು "ನನ್ನ ಅಜ್ಜಿ ಸಹಿ ಹಾಕಲ್ಲ ಅಂದಿದ್ದರೆ?" ಅಂತೇನಾದರೂ ಕೇಳಿದರೆ, ಅದನ್ನು ಬರೆದುಕೊಂಡು ನನಗೂ ಕಳಿಸು.

ನಿನ್ನ,
ಅಣ್ಣ