ಚುಕ್ಕಾಣಿ ಆಮೇಲೆ, ಮೊದಲು ಕಾಲೂರಲು ಜಾಗ ಮಾಡಿ

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲಿ ಮಾಡುವ ಮರದ ಕಯಾಕ್‌ಗೆ (ಕೂತು ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಚುಕ್ಕಾಣಿ ಇಲ್ಲದಿದ್ದರೆ ದುಡ್ಡು ದಂಡ ಎಂದು ಕಳೆದ ವಾರ ಓದುಗರೊಬ್ಬರು ಇಲ್ಲಿ ಬರೆದಿದ್ದರು. ನಾನು ಒಪ್ಪುವುದಿಲ್ಲ.

ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವನು. ನಿವೃತ್ತಿಯಾದ ಮೇಲೆ ಕೈ ಸುಮ್ನೆ ಕೂರಲಿಲ್ಲ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಎಪಾಕ್ಸಿ ಅಂಟು ಮೆತ್ತಿ ಒಂದು ಕಯಾಕ್ ಮಾಡಿದೆ. ಕುಣಿಗಲ್ ಕಡೆಯ ನಮ್ಮೂರ ಕೆರೆಗೆ ಇಳಿಸಿದೆ. ಹುಟ್ಟು ಎಳೆದಾಗಲೆಲ್ಲ ದೋಣಿಗಿಂತ ಮೊದಲು ನಾನೇ ಸೀಟಿನಿಂದ ಮುಂದಕ್ಕೆ ಜಾರುತ್ತಿದ್ದೆ! ಕಾಲೂರಲು ಆಸರೆಯೇ ಇರಲಿಲ್ಲ.

ಹುಟ್ಟು ಹಾಕುವುದು ಬರೀ ತೋಳಿನ ಕೆಲಸವಲ್ಲ. ಬಲಗಡೆ ಎಳೆಯುವಾಗ ಬಲಗಾಲು ಒತ್ತಿ ಹಿಡಿಯಬೇಕು. ಆಗಲೇ ಸೊಂಟ ತಿರುಗಿ ಬಲವೆಲ್ಲ ದೋಣಿಗೆ ಸಿಗುತ್ತದೆ. ರಾಗಿ ಬೀಸುವಾಗ ನಮ್ಮಜ್ಜಿ ಒಂದು ಕಾಲು ಚಾಚಿ ಕೂರುತ್ತಿದ್ದುದು ಇದಕ್ಕೇ ಅಲ್ವಾ?

ಮೊದಲ ಸಲ ಕಾಲಿನ ಆಸರೆಗೆಂದು ದೋಣಿಯ ಪಕ್ಕಕ್ಕೇ ತೂತು ಕೊರೆದು ಬೋಲ್ಟ್ ಹಾಕಿದ್ದೆ. ದಡ್ಡತನ. ತೂತಿನ ಅಂಚಿಗೆ ನೀರು ಇಳಿದು ಪ್ಲೈವುಡ್ ಉಬ್ಬಿತು. ಈಗ ಒಳಗಡೆ ಎರಡು ಮರದ ಪಟ್ಟಿಗಳನ್ನು ಎಪಾಕ್ಸಿಯಲ್ಲಿ ಅಂಟಿಸಿದ್ದೇನೆ. ಪಟ್ಟಿಯಲ್ಲಿ ಇಂಚಿಗೊಂದು ತೂತು, ಕಾಲಿನ ಆಸರೆಯನ್ನು ಅದರಲ್ಲಿ ನಿಲ್ಲಿಸಲು ಒಂದು ಗೂಟ. ಗೂಟದ ತೂತು ಬದಲಿಸಿದರೆ ಅದೇ ದೋಣಿ ನನಗೂ ಸರಿ, ಮೊಮ್ಮಗನಿಗೂ ಸರಿ. ಮಂಡಿ ಸ್ವಲ್ಪ ಮಡಚಿ ದೋಣಿ ಮುಚ್ಚುವ ಮೇಲಿನ ಹಲಗೆಗೆ ತಾಗುವಂತಿರಬೇಕು, ಅಷ್ಟೇ ಅಳತೆ.

ಚುಕ್ಕಾಣಿ ಬೇಡವೇ ಬೇಡ ಎನ್ನುತ್ತಿಲ್ಲ. ಆಷಾಢದ ಗಾಳಿ ಪಕ್ಕದಿಂದ ಬೀಸಿದರೆ ಕಯಾಕ್‌ನ ಮೂತಿ ಗಾಳಿಯ ಕಡೆಗೇ ತಿರುಗುತ್ತದೆ, ಮನೆ ದಾರಿ ಕಂಡ ಎತ್ತಿನ ಹಾಗೆ. ಅದನ್ನು ನೆಟ್ಟಗಿಡಲು ಚುಕ್ಕಾಣಿ ಬೇಕು. ಆದರೆ ಅದನ್ನು ಕಾಲಿನಿಂದ ತಿರುಗಿಸಲು ಹಿಂದೆ ಮುಂದೆ ಜಾರುವ ಪೆಡಲ್ ಮಾತ್ರ ಬೇಡ. ಒತ್ತಿದ ಜಾಗವೇ ಓಡಿಹೋದರೆ ಕಾಲೂರುವುದೆಲ್ಲಿ? ನಾನು ಕಾಲಿನ ಆಸರೆಯನ್ನು ಅಲುಗಾಡದಂತೆ ಬಿಟ್ಟು, ಅದರ ತಲೆಗೆ ಬಾಗಿಲಿನ ಹಿತ್ತಾಳೆ ಹಿಂಜಸ್‌ನಿಂದ ಒಂದು ಸಣ್ಣ ಹಲಗೆ ಕೂರಿಸಿದೆ. ಹಿಮ್ಮಡಿ ಕೆಳಗೆ ಗಟ್ಟಿಯಾಗಿರುತ್ತದೆ, ಬೆರಳಷ್ಟೇ ಹಲಗೆ ಒತ್ತುತ್ತದೆ. ವಾಪಸ್ ಎಳೆಯಲು ಸೈಕಲ್ ಟ್ಯೂಬಿನ ಪಟ್ಟಿ. ಹಲಗೆಯಿಂದ ಚುಕ್ಕಾಣಿಗೆ ಮೊದಲು ಕಟ್ಟಿದ್ದ ನೈಲಾನ್ ಹಗ್ಗ ಹಿಗ್ಗಿ ಚುಕ್ಕಾಣಿ ತಡವಾಗಿ ತಿರುಗುತ್ತಿತ್ತು. ಸೈಕಲ್ ಬ್ರೇಕ್ ವೈರ್ ತುಕ್ಕು ಹಿಡಿಯಿತು. ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್ ವೈರೇ ಗತಿಯಾಯಿತು.

ಕಳೆದ ವಾರ ಬರೆದವರು ಲೈಫ್ ಜಾಕೆಟ್ ಹಾಕಿಕೊಂಡು, ಒಂದು ದಿನ ಚುಕ್ಕಾಣಿ ಮೇಲೆತ್ತಿ, ಕಾಲೂರಿ ಹುಟ್ಟು ಹಾಕಿ ನೋಡಲಿ. ಆಮೇಲೆ ಬರೆಯಲಿ, ಜಗಳ ಮುಂದುವರಿಸೋಣ.

– ನಿವೃತ್ತ ಕಾರ್ಮಿಕ, ತುಮಕೂರು