ಹದ ಕೇಳಿಕೊಂಡು ಬನ್ನಿ

ಮೊದಲು ಒಂದು ಲೆಕ್ಕ. ಕೊಡಗಿನ ವಿರಾಜಪೇಟೆ ಕಡೆಯ ಅಜ್ಜಿಗೆ ಈಗ 80 ಎಂದಿಟ್ಟುಕೊಳ್ಳಿ. ಇನ್ನೂ ಹತ್ತು ವರ್ಷ ಗಟ್ಟಿಯಾಗಿರುತ್ತಾರೆ ಎಂದು ಧಾರಾಳವಾಗಿಯೇ ಹಿಡಿಯೋಣ. ವಿದೇಶದಲ್ಲಿರುವ ನಾವು ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ಮೂರು ವಾರ. ಬೆಂಗಳೂರು, ಮೈಸೂರಿನ ನೆಂಟರು, ಒಂದೆರಡು ಮದುವೆ, ಬ್ಯಾಂಕು, ಆಧಾರ್ ಎಲ್ಲ ಕಳೆದರೆ ಅಜ್ಜಿಯ ಮನೆಗೆ ಸಿಗುವುದು ನಾಲ್ಕು ದಿನ. ಐದು ಸಲಕ್ಕೆ 20 ದಿನ. ದಿನಕ್ಕೊಂದು ಗಂಟೆ ಎದುರು ಕೂತು ಮಾತಾಡಿದರೂ ಬಾಕಿ ಇರುವುದು 20 ಗಂಟೆ.

ಅದರಲ್ಲಿ ಒಂದನ್ನು "ಬದುಕಿಗೆ ನಿಮ್ಮ ಸಂದೇಶವೇನಜ್ಜಿ?" ಎಂದು ಕೇಳಿ ಕಳೆಯಬೇಡಿ. "ಎಲ್ಲರೂ ಚೆನ್ನಾಗಿರಿ ಮಕ್ಕಳೇ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹಿರಿಯರ ವಿವೇಕ ಕೂತಿರುವುದು ಹದದಲ್ಲಿ. ಹದ ಕೇಳಬೇಕು.

ಜುಲೈ, ಆಗಸ್ಟಿನ ಶಾಲಾ ರಜೆಗೆ ಹೋಗುವವರಿಗೆ ಕೊಡಗಿನಲ್ಲಿ ಸಿಗುವುದು ಕಕ್ಕಡ ಎಂಬ ಕೊಡವ ತಿಂಗಳಿನ ಮಳೆ. ತಿರುಗಾಡಲು ಬಾರದ ಕಾಲ ಎಂದು ಗೊಣಗುವವರೇ ಹೆಚ್ಚು. ಆದರೆ ಹಿರಿಯರು ಒಲೆ ಬಿಟ್ಟು ಏಳದ ಕಾಲವೂ ಅದೇ. ಕಣಿಲೆಯನ್ನೇ, ಅಂದರೆ ಎಳೆ ಬಿದಿರನ್ನೇ, ತೆಗೆದುಕೊಳ್ಳಿ. "ನೆನೆಸಿಟ್ಟು ಸಾರು ಮಾಡಬೇಕು" ಎಂದಷ್ಟೇ ಬರೆದುಕೊಂಡು ಬಂದರೆ ಅರ್ಧ ಮಾತು ಅಲ್ಲೇ ಉಳಿಯಿತು. ಎಷ್ಟು ದಿನ ನೆನೆಸುವುದು, ನೀರು ಎಷ್ಟು ಸಲ ಬದಲಿಸುವುದು, ಆ ನೀರನ್ನು ಏಕೆ ಚೆಲ್ಲುವುದು? ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ; ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿದರೆ ಅದು ಹೋಗುತ್ತದೆ. ಅಜ್ಜಿಗೆ ಸಯನೈಡ್ ಹೆಸರು ಗೊತ್ತಿಲ್ಲದಿರಬಹುದು, ಯಾವ ವಾಸನೆ ಬಂದರೆ ಇನ್ನೊಂದು ದಿನ ಬಿಡಬೇಕೆಂದು ಗೊತ್ತಿದೆ. ಕಕ್ಕಡ 18ರ ಮದ್ದುಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಸಹಜ ಎಂಬುದನ್ನೂ ಅವರೇ ಹೇಳಬೇಕು. ಹೇಳದಿದ್ದರೆ ವಿದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳು ಗಾಬರಿಯಾಗುತ್ತಾರೆ.

ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿಯೂ ಹಾಗೆಯೇ. ಹಣ್ಣಿನ ರಸ ಇಳಿಸಿ ಕುದಿಸಿದರೆ ಕಪ್ಪಗೆ ಮಂದವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಲೆಯಿಂದ ಯಾವಾಗ ಇಳಿಸುವುದು? ಬೇಗ ಇಳಿಸಿದರೆ ನೀರಂಶ ಉಳಿದು ಕೆಡುತ್ತದೆ, ತಡವಾದರೆ ಸೀದ ವಾಸನೆ. ಅಲ್ಯೂಮಿನಿಯಂ ಪಾತ್ರೆ ಬೇಡ ಎನ್ನುವುದಕ್ಕೆ ಕಾರಣ ಹುಳಿ ಅದನ್ನು ತಿನ್ನುತ್ತದೆ ಎಂಬುದು. "ಅಂದಾಜು" ಎಂಬ ಉತ್ತರ ಬಂದರೆ ಬಿಡಬೇಡಿ. ಕಣ್ಣಿಗೆ ಏನು ಕಾಣುತ್ತದೆ, ಸೌಟಿನಿಂದ ಹೇಗೆ ಬೀಳುತ್ತದೆ, ಕುದಿಯುವ ಸದ್ದು ಹೇಗೆ ಬದಲಾಗುತ್ತದೆ ಎಂದು ಕೇಳಿ. ಒಲೆಯ ಮುಂದೆಯೇ ಕೇಳಿದರೆ ಇನ್ನೂ ಒಳ್ಳೆಯದು. ಕೈ ಆಡುತ್ತಿದ್ದರೆ ಮಾತೂ ಬರುತ್ತದೆ.

ತೋಟದ ಅಜ್ಜಂದಿರ ಬಳಿ ಮಳೆ ಪುಸ್ತಕ ಕೇಳಿ. ಕೊಡಗಿನ ಎಷ್ಟೋ ಮನೆಗಳಲ್ಲಿ ಇಂಚು, ಸೆಂಟುಗಳಲ್ಲಿ ದಿನದ ಮಳೆ ಬರೆದಿಡುತ್ತಾರೆ. 100 ಸೆಂಟಿಗೆ ಒಂದು ಇಂಚು. ಕಾಫಿಯ ಹೂ ಅರಳಿಸುವ ಹೂ ಮಳೆ ಸುಮಾರು ಒಂದು ಇಂಚಾದರೂ ಆಗಬೇಕು. 20, 30 ಸೆಂಟಿಗೇ ನಿಂತರೆ ಮೊಗ್ಗು ಅರ್ಧ ಬಿರಿದು ಕೆಡುತ್ತದೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಅರಳಿದ ನಂತರದ ಎರಡನೇ ಮಳೆ, ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಅಂಥ ವರ್ಷ ಏನು ಮಾಡಿದಿರಿ, ಸಾಲ ಹೇಗೆ ತೀರಿಸಿದಿರಿ ಎಂಬ ಪ್ರಶ್ನೆಗೆ ಬರುವ ಉತ್ತರ ಯಾವ ಉಪದೇಶಕ್ಕೂ ಕಡಿಮೆಯದಲ್ಲ. ಪುಸ್ತಕದ ಪುಟಗಳನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ಒಂದೊಂದಾಗಿ ಫೋಟೋ ತೆಗೆಯಿರಿ. ಗೆದ್ದಲಿಗೆ ಕಾಯುವ ವ್ಯವಧಾನವಿಲ್ಲ.

ಧ್ವನಿಮುದ್ರಣಕ್ಕೆ ಫೋನೇ ಸಾಕು. ಏರೋಪ್ಲೇನ್ ಮೋಡಿನಲ್ಲಿ, ಬಾಯಿಂದ ಒಂದು ಗೇಣು ದೂರದಲ್ಲಿ, ಮಡಿಸಿದ ಬಟ್ಟೆಯ ಮೇಲೆ ಇಡಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತರೆ ಮಳೆಯ ಸದ್ದು ಬಿಟ್ಟು ಬೇರೇನೂ ದಾಖಲಾಗುವುದಿಲ್ಲ, ಒಳಕೋಣೆಗೆ ಹೋಗಿ. ಕರೆಂಟು ನಂಬಬೇಡಿ, ಪವರ್ ಬ್ಯಾಂಕ್ ಇರಲಿ. ಬೆಳಗಿನ ಕಾಫಿ ಆದ ಮೇಲೆ 40 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ವಯಸ್ಸಾದ ಕಿವಿಗೆ ಮೊದಲು ಕೈಕೊಡುವುದು ಕೀಚಲು ಸ್ವರ; ಕಿರುಚಿದರೆ ಪ್ರಯೋಜನವಿಲ್ಲ, ಮುಖ ಕಾಣುವಂತೆ ಕೂತು ತಗ್ಗಿದ ದನಿಯಲ್ಲಿ ನಿಧಾನ ಮಾತಾಡಿ. ನಿನ್ನೆಯದು ಮರೆತವರಿಗೂ ಹದಿನೈದರಿಂದ ಮೂವತ್ತರ ಪ್ರಾಯದ ನೆನಪು ಗಟ್ಟಿ ಇರುತ್ತದೆ, ಅಲ್ಲಿಂದ ಶುರುಮಾಡಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಅದನ್ನು ಕಂಡ ನೆನಪಿರುವವರೆಲ್ಲ ಈಗ ಎಂಬತ್ತರ ಆಚೀಚೆ.

ಒಂದು ಎಚ್ಚರಿಕೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಗಡಿ, ಪಾಲು, ಪತ್ರದ ಮಾತು ಬಂದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ. ಇಲ್ಲದಿದ್ದರೆ ವಿದೇಶದಿಂದ ಬಂದವರು ಪಾಲು ಕೇಳಲು ಬಂದಿದ್ದಾರೆ ಎಂದು ಸಂಜೆಯೊಳಗೆ ಒಕ್ಕಕ್ಕೆಲ್ಲ (ಇಡೀ ಮನೆತನಕ್ಕೆ) ಸುದ್ದಿ ಮುಟ್ಟುತ್ತದೆ. ಮುಂದಿನ ಮೂರು ದಿನ ಯಾರೂ ಬಾಯಿ ಬಿಡುವುದಿಲ್ಲ.

ಕೊಡವ ತಕ್ಕ್ (ಕೊಡವ ಭಾಷೆ) ಆಗಲಿ, ಅರೆಭಾಷೆ ಆಗಲಿ, ಅವರ ಮಾತಿನಲ್ಲೇ ಹೇಳಲು ಬಿಡಿ. ನಿಮಗೆ ಅರ್ಥವಾಗಲೆಂದು ಅವರು ಇಂಗ್ಲಿಷಿಗೋ ಶಿಷ್ಟ ಕನ್ನಡಕ್ಕೋ ತಿರುಗಿದರೆ ಹದದ ಪದಗಳೇ ಮೊದಲು ಉದುರುತ್ತವೆ. ರೆಕಾರ್ಡರ್ ಇಲ್ಲದ ಕಾಲದಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಕಲೆಹಾಕಿ, 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದಾಗ ಹಾಡುಗಳನ್ನು ಕೊಡವ ತಕ್ಕಿನಲ್ಲೇ, ಕನ್ನಡ ಲಿಪಿಯಲ್ಲಿ ಉಳಿಸಿದರು. ಇನ್ನು, ಒಕ್ಕದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಕೂತವರಷ್ಟೇ ಹಿರಿಯರಲ್ಲ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಬುಡಕಟ್ಟಿನ ಎರವ ಅಜ್ಜಿಗೆ, ಜೇನು ಕುರುಬ ಅಜ್ಜನಿಗೆ ಕಾಡಿನ ಗೆಡ್ಡೆ, ಜೇನಿನ ವಿಷಯ ತೋಟದ ಯಜಮಾನರಿಗಿಂತ ಚೆನ್ನಾಗಿ ಗೊತ್ತು. ಒಪ್ಪಿಗೆ ಕೇಳಿ, ಕೂಲಿ ಕೆಡದಂತೆ ಹೊತ್ತು ನೋಡಿ ಹೋಗಿ.

ಪ್ರತಿ ಮುದ್ರಣದ ಆರಂಭದಲ್ಲಿ ತಾರೀಖು, ಊರು, ಹೆಸರು ಬಾಯಲ್ಲೇ ಹೇಳಿಬಿಡಿ. ಎರಡು ಕಡೆ ಪ್ರತಿ ಇಡಿ, ಒಂದು ಊರಿನ ಮನೆಯಲ್ಲೇ ಇರಲಿ. ಕೊನೆಗೆ "ಇದನ್ನು ನಿಮಗೆ ಕಲಿಸಿದವರು ಯಾರು?" ಎಂದು ಕೇಳಿ. 80ರ ಅಜ್ಜಿ ತಮ್ಮ ಅಜ್ಜಿಯನ್ನು ನೆನೆದರೆ ನೂರು ವರ್ಷಕ್ಕೂ ಹಿಂದಿನ ಅಡುಗೆಮನೆಗೆ ಹೋಗಿರುತ್ತೀರಿ. ಆ ಪ್ರಶ್ನೆಗೆ ಉತ್ತರ ಕೂಡಲೇ ಬರದಿದ್ದರೆ ಫೋನ್ ಎತ್ತಿಕೊಳ್ಳಬೇಡಿ, ಸ್ವಲ್ಪ ಹೊತ್ತು ಹಾಗೇ ಓಡುತ್ತಿರಲಿ.