‘ಡಿಲೀಟ್ ಮಾಡು’ ಎನ್ನುವ ಅಧಿಕಾರ ಯಾವ ಕಾಯ್ದೆಯಲ್ಲಿದೆ?

ಮಾನ್ಯ ಸಂಪಾದಕರೇ,

ಪ್ರತಿಭಟನೆ, ಲಾಠಿ ಪ್ರಹಾರ, ಒತ್ತುವರಿ ತೆರವು, ವಾಹನ ತಪಾಸಣೆ ನಡೆಯುವ ಕಡೆ ಯಾರಾದರೂ ಕ್ಯಾಮೆರಾ ಎತ್ತಿದರೆ ಪೊಲೀಸರ ಬಾಯಲ್ಲಿ ಮೊದಲು ಬರುವುದು ‘ಪರ್ಮಿಷನ್ ಇದೆಯಾ?’ ಎಂಬ ಪ್ರಶ್ನೆ. ಅದರ ಬೆನ್ನಿಗೇ ‘ಫೋನ್ ಕೊಡು, ಡಿಲೀಟ್ ಮಾಡು’. ರಸ್ತೆ, ಫುಟ್‌ಪಾತ್, ಸಂತೆ, ಜಾತ್ರೆಯಂಥ ಸಾರ್ವಜನಿಕ ಜಾಗದಲ್ಲಿ ಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು ಎನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ರಸ್ತೆ ತಡೆದು, ಲೈಟು, ಜನರೇಟರ್ ಇಟ್ಟು ನಡೆಸುವ ಸಿನಿಮಾ, ಜಾಹೀರಾತು ಚಿತ್ರೀಕರಣಕ್ಕೆ ಅನುಮತಿ ಬೇಕು. ಆ ನಿಯಮವನ್ನೇ ಕೈಯಲ್ಲಿ ಕ್ಯಾಮೆರಾ ಹಿಡಿದು ನಿಂತವರ ಮೇಲೂ ಹೇರಲಾಗುತ್ತಿದೆ. ಇನ್ನು ‘ಡಿಲೀಟ್ ಮಾಡು’ ಎಂಬ ಆದೇಶಕ್ಕಂತೂ ಯಾವ ಕಾಯ್ದೆಯಲ್ಲೂ ಆಧಾರವಿಲ್ಲ. ಈ ಪತ್ರ ಮುಖ್ಯವಾಗಿ ಅದರ ಬಗ್ಗೆ.

ಚಿತ್ರ ತೆಗೆದದ್ದೇ ಅಪರಾಧವಾಗಿದ್ದರೆ ಆ ಚಿತ್ರವೇ ಸಾಕ್ಷ್ಯ; ಅದನ್ನು ಕಾಪಾಡುವುದು ಪೊಲೀಸರ ಕೆಲಸ. ಅಪರಾಧವಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ತೆಗೆದವರ ಸ್ವತ್ತು. ಮುಟ್ಟಲು ಪೊಲೀಸರಿಗೆ ಹಕ್ಕಿಲ್ಲ. ಎರಡರಲ್ಲಿ ಯಾವುದಾದರೂ ಅಳಿಸುವ ಮಾತೇ ಬರುವುದಿಲ್ಲ. ಬದಲಿಗೆ, ನ್ಯಾಯಾಲಯಕ್ಕೆ ಸಾಕ್ಷ್ಯವಾಗಬೇಕಾದ ಎಲೆಕ್ಟ್ರಾನಿಕ್ ದಾಖಲೆಯನ್ನು ಅಲ್ಲಿಗೆ ತಲುಪದಂತೆ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಸೆಕ್ಷನ್ ಪ್ರಕಾರ ಅಪರಾಧ. ಸಮವಸ್ತ್ರ ತೊಟ್ಟವರಿಗೆ ಅದರಲ್ಲಿ ವಿನಾಯಿತಿ ಇಲ್ಲ. ಮಾಲೀಕರ ಒಪ್ಪಿಗೆ ಇಲ್ಲದೆ ಅವರ ಸಾಧನದಲ್ಲಿರುವ ಮಾಹಿತಿ ಅಳಿಸಿದರೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ಪೊಲೀಸರು ಹೆಚ್ಚಾಗಿ ಮುಂದಿಡುವ ಹೆಸರು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದು ಅನ್ವಯಿಸುವುದು ‘ನಿಷೇಧಿತ ಸ್ಥಳ’ಗಳಿಗೆ. ಯಲಹಂಕದ ವಾಯುನೆಲೆ, ಕಾರವಾರದ ಕದಂಬ ನೌಕಾನೆಲೆಯಂಥ ರಕ್ಷಣಾ ಸ್ಥಾವರಗಳು ನೇರವಾಗಿಯೇ ಆ ಪಟ್ಟಿಯಲ್ಲಿ ಬರುತ್ತವೆ; ಅಲ್ಲಿ ಕ್ಯಾಮೆರಾ ಎತ್ತಲೇಬಾರದು. ರೈಲು ಮಾರ್ಗ, ರಸ್ತೆ, ಸೇತುವೆಗಳಂಥ ಜಾಗಗಳನ್ನು ಸೇರಿಸಬೇಕಾದರೆ ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆ ಹೊರಡಿಸಬೇಕು, ಅದರ ಪ್ರತಿಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಆ ಜಾಗದಲ್ಲೇ ಅಂಟಿಸಿರಬೇಕು. ಕನ್ನಡದ ಫಲಕವೇ ಇಲ್ಲದ ಮೇಲ್ಸೇತುವೆಯ ಕೆಳಗೆ ನಿಂತು ಈ ಕಾಯ್ದೆಯ ಹೆಸರೆತ್ತುವುದು ಬರೀ ಬೆದರಿಕೆ. ಪೊಲೀಸ್ ಠಾಣೆಯೂ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ನಮ್ಮ ರಾಜ್ಯವನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ಅದರ ತರ್ಕ ಇಲ್ಲಿಗೂ ಹೊಂದುತ್ತದೆ.

ಫೋನನ್ನೋ ಕ್ಯಾಮೆರಾವನ್ನೋ ವಶಕ್ಕೆ ಪಡೆಯುವ ಅಧಿಕಾರ ಪೊಲೀಸರಿಗಿದೆ, ಆದರೆ ಅದಕ್ಕೊಂದು ದಾರಿಯಿದೆ. ಅಪರಾಧ ತನಿಖೆ, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ವಸ್ತು ಕದ್ದದ್ದೆಂಬ ಅನುಮಾನವಿರಬೇಕು, ಇಲ್ಲವೇ ಯಾವುದೋ ಅಪರಾಧದ ಶಂಕೆ ಹುಟ್ಟಿಸುವಂತಿರಬೇಕು. ಯಾವ ಅಪರಾಧ ಎಂದು ಕೇಳಿದರೆ ಅಧಿಕಾರಿ ಉತ್ತರ ಕೊಡಬೇಕು. 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ, ಪಟ್ಟಿ ತಯಾರಿ, ಪಂಚರ (ಸಾಕ್ಷಿಗಳ) ಸಹಿ ಎಲ್ಲವನ್ನೂ ಆಡಿಯೊ–ವಿಡಿಯೊದಲ್ಲಿ ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ‘ನಾಳೆ ಠಾಣೆಗೆ ಬಂದು ತಗೊಂಡು ಹೋಗು’ ಎಂದು ಫೋನನ್ನು ಜೇಬಿಗಿಳಿಸುವುದು ಜಪ್ತಿಯಲ್ಲ. ಜಪ್ತಿಯೇ ಆದರೆ ಮಹಜರಿನಲ್ಲಿ ಕ್ಯಾಮೆರಾದ ಮಾದರಿ, ಸೀರಿಯಲ್ ನಂಬರ್, ಲೆನ್ಸ್, ಮೆಮೊರಿ ಕಾರ್ಡಿನ ಕಂಪನಿ ಮತ್ತು ಸಾಮರ್ಥ್ಯ ಬೇರೆ ಬೇರೆಯಾಗಿ ನಮೂದಾಗಿರುವಂತೆ ನೋಡಿಕೊಳ್ಳಿ. ‘ಕ್ಯಾಮೆರಾ – 1’ ಎಂದಷ್ಟೇ ಬರೆದರೆ ಕಾರ್ಡ್ ಕಾಣೆಯಾದಾಗ ಕೇಳಲು ದಾಖಲೆಯೇ ಇರುವುದಿಲ್ಲ. ಸಾಧನವನ್ನು ಮರಳಿ ಪಡೆಯಲು ಅದೇ ಸಂಹಿತೆಯ 503 ಮತ್ತು, ಪ್ರಕರಣ ನ್ಯಾಯಾಲಯದಲ್ಲಿದ್ದರೆ, 497ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು.

ಪಾಸ್‌ವರ್ಡ್ ವಿಚಾರದಲ್ಲಿ ಕರ್ನಾಟಕ ಹೈಕೋರ್ಟಿನದೇ ತೀರ್ಪಿದೆ. 2021ರ ಮಾರ್ಚ್ 12ರ ಆ ತೀರ್ಪಿನ ಪ್ರಕಾರ, ಫೋನ್ ತೆರೆದುಕೊಡಲು ವ್ಯಕ್ತಿ ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ಪಡೆಯಬೇಕು. ನಡುರಸ್ತೆಯಲ್ಲಿ ಗ್ಯಾಲರಿ ತೆರೆಸಿ ಬೆರಳಾಡಿಸುವ ಕಾನ್‌ಸ್ಟೆಬಲ್‌ಗಳಿಗೆ ಈ ತೀರ್ಪಿನ ವಿಷಯವನ್ನು ಇಲಾಖೆಯೇ ತಿಳಿಸಬೇಕಿತ್ತು. ಮುಖ ಅಥವಾ ಬೆರಳಚ್ಚಿನ ಲಾಕ್ ಇದ್ದರೆ ಫೋನನ್ನು ಮುಖಕ್ಕೆ ಹಿಡಿದರೂ, ಬೆರಳಿಗೆ ಒತ್ತಿದರೂ ಸಾಕು, ತೆರೆದುಕೊಳ್ಳುತ್ತದೆ. ಗಲಾಟೆಯ ಜಾಗಕ್ಕೆ ಹೋಗುವ ಮೊದಲು ಅವನ್ನು ತೆಗೆದು ಅಂಕಿಗಳ ಪಾಸ್‌ಕೋಡ್ ಒಂದನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಬಲವಂತದಿಂದ ಅಳಿಸಿಯೇಬಿಟ್ಟರೆ? ಕ್ಯಾಮೆರಾದ ಎಸ್‌ಡಿ ಕಾರ್ಡಿನಲ್ಲಿ ಅಳಿಸುವುದೆಂದರೆ ಪುಸ್ತಕದ ಪರಿವಿಡಿ ಹರಿದಂತೆ; ಪುಟಗಳು ಒಳಗೇ ಇರುತ್ತವೆ. ಆ ಜಾಗದ ಮೇಲೆ ಹೊಸ ಚಿತ್ರ ಬರೆದಾಗ ಮಾತ್ರ ಹಳೆಯದು ನಿಜವಾಗಿ ಹೋಗುತ್ತದೆ. ಹಾಗಾಗಿ ಆಮೇಲೆ ಒಂದು ಚಿತ್ರವನ್ನೂ ತೆಗೆಯದೆ ಕಾರ್ಡನ್ನು ಹೊರತೆಗೆದು ಅದರ ಎಡಬದಿಯ ಪುಟ್ಟ ಗುಂಡಿಯನ್ನು ‘ಲಾಕ್’ ಕಡೆಗೆ ಸರಿಸಿ. ಮೈಕ್ರೊ ಎಸ್‌ಡಿಗೆ ಆ ಗುಂಡಿ ಇಲ್ಲ, ಅಡಾಪ್ಟರಿಗೆ ಇದೆ. ಮನೆಯಲ್ಲಿ ಮೊದಲು ಇಡೀ ಕಾರ್ಡಿನ ಇಮೇಜ್ ಪ್ರತಿ (ಅಳಿಸಿದ ಭಾಗವೂ ಸೇರಿದ ಪೂರ್ತಿ ನಕಲು) ಮಾಡಿಕೊಂಡು, ‘ಫೋಟೊರೆಕ್’ನಂಥ ಉಚಿತ ತಂತ್ರಾಂಶವನ್ನು ಆ ಪ್ರತಿಯ ಮೇಲೆ ಓಡಿಸಬೇಕು. ಮರಳಿ ಸಿಕ್ಕ ಕಡತಗಳನ್ನು ಅದೇ ಕಾರ್ಡಿಗೆ ತುಂಬಿ ಉಳಿದದ್ದನ್ನೂ ಕಳೆದುಕೊಳ್ಳುವವರು ಬಹಳ. ಸಾಧಾರಣ ಫಾರ್ಮ್ಯಾಟ್ ಆಗಿದ್ದರೂ ಆಸೆ ಬಿಡಬೇಕಿಲ್ಲ. ಇಡೀ ಕಾರ್ಡನ್ನೇ ಒರೆಸಿಹಾಕುವ ಲೋ ಲೆವೆಲ್ ಫಾರ್ಮ್ಯಾಟ್ ಆಗಿದ್ದರೆ ಕಷ್ಟ.

ವಿಡಿಯೊದ ತೊಂದರೆ ಬೇರೆ. ರೆಕಾರ್ಡಿಂಗ್ ನಡೆಯುವಾಗಲೇ ಕ್ಯಾಮೆರಾ ಕಿತ್ತುಕೊಂಡು ಬ್ಯಾಟರಿ ತೆಗೆದರೆ ಎಂಪಿ4 ಕಡತದ ಸೂಚಿ ಬರೆಯದೆ ಉಳಿಯುತ್ತದೆ. ಕಡತದ ಗಾತ್ರ ದೊಡ್ಡದಿದ್ದರೂ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಅದು ಹಾಳಾಯಿತೆಂದು ಅಳಿಸಬೇಡಿ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಬೇರೆ ಕಾರ್ಡ್ ಹಾಕಿ ಒಂದು ಸಣ್ಣ ತುಣುಕು ಚಿತ್ರೀಕರಿಸಿದರೆ, ಅದನ್ನು ಮಾದರಿಯಾಗಿ ಬಳಸಿ ಮುರಿದ ಕಡತವನ್ನು ಸರಿಪಡಿಸುವ ತಂತ್ರಾಂಶಗಳಿವೆ.

ಫೋನಿನಲ್ಲಿ ಇಷ್ಟು ಅವಕಾಶವಿಲ್ಲ. ಐಫೋನಿನಲ್ಲಿ ಅಳಿಸಿದ್ದು 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅದನ್ನೂ ಖಾಲಿ ಮಾಡಿಸಿದರೆ ಫೋನಿನ ಒಳಸಂಗ್ರಹದಿಂದ ಮರಳಿ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ಬ್ಯಾಕಪ್ ‘ವೈಫೈನಲ್ಲಿ ಮಾತ್ರ’ ಎಂದಿದ್ದರೆ ಬೀದಿಯಲ್ಲಿ ತೆಗೆದ ಒಂದೂ ಚಿತ್ರ ಮೇಲೆ ಹೋಗಿರುವುದಿಲ್ಲ. ಮೊಬೈಲ್ ಡೇಟಾದಲ್ಲೂ ಹೋಗುವಂತೆ ಮಾಡಿಡಿ. ಸ್ನೇಹಿತರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಫೋಟೊ ಆಗಿ ಕಳುಹಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಜಾಗದ ವಿವರ ಅಳಿಯುತ್ತದೆ. ಮೂಲ ಕಡತದ ಹ್ಯಾಶ್ ಮೌಲ್ಯವನ್ನು (ಕಡತದ ಬೆರಳಚ್ಚಿನಂಥ ಅಂಕಿ, ಅಕ್ಷರಗಳ ಸಾಲು; ಕಡತ ಬದಲಾದರೆ ಅದೂ ಬದಲಾಗುತ್ತದೆ) ಅಂದೇ ಲೆಕ್ಕಹಾಕಿ ಬರೆದಿಡಿ, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಡಿ ಕೊಡಬೇಕಾದ ಪ್ರಮಾಣಪತ್ರದಲ್ಲಿ ಅದನ್ನು ಕೇಳುತ್ತಾರೆ.

ಛಾಯಾಗ್ರಾಹಕರೂ ಪಾಲಿಸಬೇಕಾದದ್ದಿದೆ. ಬ್ಯಾರಿಕೇಡ್ ದಾಟಬಾರದು. ‘ಹಿಂದೆ ಸರಿಯಿರಿ’ ಎಂದರೆ ಸರಿಯಬೇಕು. ಸರಿದು ನಿಂತಲ್ಲಿಂದ ತೆಗೆಯುತ್ತಲೇ ಇರಬಹುದು. ಕ್ಯಾಮೆರಾಗೆ ಕೈ ಹಾಕಿದ ಪೊಲೀಸರ ಕೈಯನ್ನು ತಳ್ಳಬೇಡಿ. ಆ ಒಂದು ತಳ್ಳಾಟ ನ್ಯಾಯ ಸಂಹಿತೆಯ 132ನೇ ಸೆಕ್ಷನ್, ಅಂದರೆ ಸರ್ಕಾರಿ ನೌಕರನ ಮೇಲೆ ಬಲಪ್ರಯೋಗದ ಜಾಮೀನುರಹಿತ ಪ್ರಕರಣವಾಗಿ ತಿರುಗುತ್ತದೆ. ಎದೆಯ ಮೇಲಿನ ಹೆಸರು, ಸಮಯ, ಸ್ಥಳ, ವಾಹನದ ನಂಬರ್ ಗುರುತು ಮಾಡಿಕೊಂಡರೆ ದೂರಿಗೆ ಅದೇ ಆಧಾರ.

ಸಾರ್ವಜನಿಕ ಸ್ಥಳವೆಂದ ಮಾತ್ರಕ್ಕೆ ಏನನ್ನು ಬೇಕಾದರೂ ತೆಗೆಯಬಹುದು ಎಂದೂ ಅಲ್ಲ. 2025ರಲ್ಲಿ ನಮ್ಮ ಮೆಟ್ರೊದಲ್ಲಿ ಮಹಿಳೆಯರನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯ ವಿರುದ್ಧ ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿದ್ದು ಸರಿಯಾದ ಕ್ರಮ. ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕ್ಯಾಮೆರಾ ಹಿಡಿಯುವವರಿಂದಾಗಿ ಪ್ರಾಮಾಣಿಕವಾಗಿ ಬೀದಿಯ ಬದುಕನ್ನು ದಾಖಲಿಸುವವರ ಮೇಲೂ ಜನರಿಗೆ ಸಿಟ್ಟು ಬಂದಿದೆ. ಅಂಥವರನ್ನು ಹಿಡಿಯಲು ಕಾನೂನು ಸಾಕಷ್ಟಿದೆ. ಅಲ್ಲಿಯೂ ಪೊಲೀಸರು ಮಾಡಬೇಕಾದದ್ದು ಚಿತ್ರ ಅಳಿಸಿ ಕಳುಹಿಸುವುದಲ್ಲ, ಪ್ರಕರಣ ದಾಖಲಿಸುವುದು. ಅಳಿಸಿ ಕಳುಹಿಸಿದರೆ ಆ ಮಹಿಳೆಗೆ ಸಿಗಬೇಕಾದ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಸಂಚಾರ ಉಲ್ಲಂಘನೆಯ ಫೋಟೊ ಕಳುಹಿಸಿ ಎಂದು ‘ಪಬ್ಲಿಕ್ ಐ’ ಆ್ಯಪ್ ಮೂಲಕ ಜನರನ್ನು ಕರೆದದ್ದು ಬೆಂಗಳೂರು ಸಂಚಾರ ಪೊಲೀಸರೇ. ಠಾಣೆಗಳಲ್ಲೆಲ್ಲ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಹೀಗಿರುವಾಗ ರಸ್ತೆಯಲ್ಲಿ ನಡೆಯುವ ಪೊಲೀಸ್ ಕರ್ತವ್ಯಕ್ಕೆ ಕ್ಯಾಮೆರಾ ಭಯವೇಕೆ? ರಾಜ್ಯ ಪೊಲೀಸ್ ಮಹಾನಿರ್ದೇಶಕರು ಒಂದು ಪುಟದ ಸುತ್ತೋಲೆಯನ್ನು ಕನ್ನಡದಲ್ಲಿ ಹೊರಡಿಸಿ ಪ್ರತಿ ಠಾಣೆಯ ಫಲಕದಲ್ಲಿ ಹಾಕಿಸಲಿ. ಯಾವ ಸಿಬ್ಬಂದಿಯೂ ಚಿತ್ರ ಅಳಿಸಲು ಹೇಳಬಾರದು, ಮಹಜರಿಲ್ಲದೆ ಸಾಧನ ಪಡೆಯಬಾರದು, ವಾರಂಟ್ ಇಲ್ಲದೆ ಗ್ಯಾಲರಿ ನೋಡಬಾರದು ಎಂಬುದು ಅದರಲ್ಲಿರಲಿ. ಉಲ್ಲಂಘಿಸಿದವರ ಮೇಲೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಡುವುದು ಹೇಗೆ ಎಂಬ ವಿವರ, ಪ್ರಾಧಿಕಾರದ ವಿಳಾಸ ಮತ್ತು ದೂರವಾಣಿ ಸಂಖ್ಯೆಯೂ ಅದೇ ಪುಟದ ಕೆಳಗೆ ಇರಲಿ.

– ಬೀದಿ ಛಾಯಾಗ್ರಹಣದ ಆಸಕ್ತರು, ಬೆಂಗಳೂರು